ಪಿಎಸ್‌ಎಲ್‌ವಿ ಮಾದರಿ: ಮೊದಲು ಪೈಪು, ಆಮೇಲೆ ಸ್ಕೇಲು

ಪ್ರಶ್ನೆ: ಇಸ್ರೊದ ಪಿಎಸ್‌ಎಲ್‌ವಿ-ಎಕ್ಸ್‌ಎಲ್ ರಾಕೆಟ್ಟನ್ನು 1:48 ಅಳತೆಯಲ್ಲಿ ಕಟ್ಟಲು ಹೊರಟಿದ್ದೇನೆ. ನಡುವಿನ ಕೊಳವೆಗೆ 58.3 ಮಿ.ಮೀ., ಹೀಟ್‌ಶೀಲ್ಡ್‌ಗೆ (ಉಪಗ್ರಹವನ್ನು ಮುಚ್ಚುವ ತುದಿಯ ಹೊದಿಕೆ) 66.7, ಸ್ಟ್ರಾಪ್‌ಆನ್‌ಗೆ (ಬುಡದ ಪಕ್ಕಕ್ಕೆ ಕಟ್ಟುವ ಚಿಕ್ಕ ರಾಕೆಟ್) 20.8 ಬೇಕು. ಈ ಅಳತೆಯ ಪೈಪುಗಳು ಎಲ್ಲೂ ಸಿಗುತ್ತಿಲ್ಲ. – ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: 1:48ರ ಹಟ ಬಿಡಿ. ಅದು ವಿಮಾನದ ಕಿಟ್‌ಗಳಿಂದ ಬಂದ ರೂಢಿ, ಅಷ್ಟೇ. ಅಂಗಡಿಯಲ್ಲಿ ಸಿಗುವ ಪೈಪು ಯಾವುದೆಂದು ನೋಡಿಕೊಂಡು ಸ್ಕೇಲ್ ಗೊತ್ತುಮಾಡಬೇಕು. ಅಸಲಿ ರಾಕೆಟ್ಟಿನ ನಡುಭಾಗದ ವ್ಯಾಸ 2.8 ಮೀಟರ್, ಹೀಟ್‌ಶೀಲ್ಡ್ 3.2, ಸ್ಟ್ರಾಪ್‌ಆನ್ 1, ಒಟ್ಟು ಎತ್ತರ 44.4. ಇದನ್ನು 1:50ಕ್ಕೆ ಇಳಿಸಿದರೆ 56, 64, 20 ಮಿ.ಮೀ.; ಎತ್ತರ 888.

20 ಮಿ.ಮೀ. ಎಂದರೆ ವೈರಿಂಗ್‌ಗೆ ಬಳಸುವ ಕಂಡ್ಯೂಟ್ ಪೈಪಿನ ಹೊರವ್ಯಾಸವೇ. ಸ್ಟ್ರಾಪ್‌ಆನ್ ಉದ್ದ 12 ಮೀಟರ್, ಆದ್ದರಿಂದ ತಲಾ 240 ಮಿ.ಮೀ.ನಂತೆ ಆರು ಬೇಕು. ಮೂತಿಯ ಉದ್ದವೂ ಅದರಲ್ಲೇ ಸೇರಿದೆ. ಹೀಟ್‌ಶೀಲ್ಡ್‌ಗೆ 63 ಮಿ.ಮೀ. ಪಿವಿಸಿ ಪೈಪ್ ತಂದು, ಅರ್ಧ ಮಿ.ಮೀ. ದಪ್ಪದ ಕಾರ್ಡ್ ಒಂದು ಸುತ್ತು ಸುತ್ತಿದರೆ 64 ಆಯಿತು. ಆದರೆ ಅಂಗಡಿಯಲ್ಲಿ ‘ಎರಡಿಂಚು’ ಎಂದಷ್ಟೇ ಕೇಳಬೇಡಿ. ಹೊಲಕ್ಕೆ ಹಾಕುವ ಪಿವಿಸಿಯಲ್ಲಿ ಎರಡಿಂಚು ಎಂದರೆ 63 ಮಿ.ಮೀ., ಮನೆಯ ನಲ್ಲಿಗೆ ಹಾಕುವ ಯುಪಿವಿಸಿಯಲ್ಲಿ ಅದೇ ಎರಡಿಂಚು 60.3. ವರ್ನಿಯರ್ ಕ್ಯಾಲಿಪರ್ ಜೇಬಿನಲ್ಲಿಟ್ಟುಕೊಂಡೇ ಹೋಗಿ.

ತಲೆನೋವು 56ರದ್ದು. ಆ ಅಳತೆಯ ಪೈಪಿಲ್ಲ. 50 ಮಿ.ಮೀ. ಪಿವಿಸಿಯನ್ನು ಒಳಗಂಬವಾಗಿ ಇಟ್ಟುಕೊಂಡು, 3 ಮಿ.ಮೀ. ಸನ್‌ಬೋರ್ಡ್‌ನಲ್ಲಿ (ಹಗುರ ಫೋಮ್ ಹಲಗೆ) ಒಳವ್ಯಾಸ 50, ಹೊರವ್ಯಾಸ 55.4 ಇರುವ ಬಳೆಗಳನ್ನು ಕತ್ತರಿಸಿ ನಾಲ್ಕು ಸೆಂ.ಮೀ.ಗೊಂದರಂತೆ ತೊಡಿಸಿ. ಮೇಲೆ 0.3 ಮಿ.ಮೀ. ಐವರಿ ಕಾರ್ಡ್ ಒಂದೇ ಸುತ್ತು. ಕಾರ್ಡಿನ ಅಗಲ 175 ಮಿ.ಮೀ. ಇರಲಿ, ಅಂಚಿಗೆ ಅಂಚು ಮುಟ್ಟಬೇಕು, ಒಂದರ ಮೇಲೊಂದು ಏರಬಾರದು. ಕತ್ತರಿಸುವ ಮುನ್ನ ಹಾಳೆಯನ್ನು ಉದ್ದಕ್ಕೂ ಅಡ್ಡಕ್ಕೂ ಬಾಗಿಸಿ ನೋಡಿ, ಸಲೀಸಾಗಿ ಬಾಗುವ ದಿಕ್ಕಿನಲ್ಲೇ ಸುತ್ತಿ. ಇಲ್ಲವಾದರೆ ಮೈ ಗುಂಡಗೆ ಬರದೆ ಪಟ್ಟಿಪಟ್ಟಿಯಾಗಿ ಮುರಿದುಕೊಳ್ಳುತ್ತದೆ. ಅಂಟಿಗೆ ಫೆವಿಕಾಲ್ ಬೇಡ. ಅದರ ನೀರಿಗೆ ಕಾರ್ಡ್ ಉಬ್ಬಿ, ಒಣಗಿದ ಮೇಲೆ ಬಳೆಗಳೆಲ್ಲ ಪಕ್ಕೆಲುಬಿನಂತೆ ಎದ್ದು ಕಾಣುತ್ತವೆ. ರಬ್ಬರ್ ಅಂಟನ್ನು ತೆಳ್ಳಗೆ ಎರಡೂ ಕಡೆ ಸವರಿ, ತುಸು ಆರಿದ ಮೇಲೆ ಒತ್ತಿ.

ಪ್ರಶ್ನೆ: ಇಸ್ರೊ ಕೈಪಿಡಿಯಲ್ಲಿ ನಾಲ್ಕು ಹಂತಗಳ ಉದ್ದ 20, 12.8, 3.6, 3 ಮೀಟರ್ ಎಂದಿದೆ. ಹೀಟ್‌ಶೀಲ್ಡ್‌ನ 8.3 ಮೀಟರ್ ಸೇರಿಸಿದರೆ 47.7 ಆಗುತ್ತದೆ, 44.4 ಅಲ್ಲ. ಎಲ್ಲಿ ತಪ್ಪಿದೆ? – ಶಿಕ್ಷಕಿ, ಶಿರಸಿ

ಉತ್ತರ: ತಪ್ಪು ಕೂಡುವುದರಲ್ಲೇ ಇದೆ. ಹಂತಗಳು ಒಂದರೊಳಗೊಂದು ತುಸು ತೂರಿಕೊಂಡಿರುತ್ತವೆ; ಮೇಲಿನ ಹಂತದ ನಾಜಲ್ (ಬೆಂಕಿ ಹೊರಬರುವ ಬಾಯಿ) ಕೆಳಗಿನ ಜೋಡಣೆ ಭಾಗದೊಳಗೆ ಅಡಗಿರುತ್ತದೆ. ಹೀಗಾಗಿ ಹೊರಗೆ ಕಾಣುವ ಗೆರೆಗಳನ್ನು ಫೋಟೊದಿಂದಲೇ ಅಳೆಯಬೇಕು. ಎತ್ತರ ನಡುಭಾಗದ ಅಗಲಕ್ಕಿಂತ 15.86 ಪಟ್ಟು ಇರಬೇಕು. ಫೋಟೊದಲ್ಲಿ ಅದಕ್ಕಿಂತ ಕಡಿಮೆ ಬಂದರೆ ಬುಡದಿಂದ ಮೇಲಕ್ಕೆ ನೋಡಿ ತೆಗೆದ ಚಿತ್ರ, ಪಕ್ಕಕ್ಕಿಡಿ. ದೂರದಿಂದ ಟೆಲಿ ಲೆನ್ಸ್‌ನಲ್ಲಿ ತೆಗೆದದ್ದು ಹುಡುಕಿ. ಅದರಲ್ಲಿ ನಡುಭಾಗ 140 ಪಿಕ್ಸೆಲ್ ಅಗಲವಿದ್ದರೆ ಒಂದು ಪಿಕ್ಸೆಲ್ಲಿಗೆ 2 ಸೆಂ.ಮೀ. ಲೆಕ್ಕ.

ಯಾವ ಉಡಾವಣೆ ಎಂಬುದನ್ನೂ ಮೊದಲೇ ಗೊತ್ತುಮಾಡಿಕೊಳ್ಳಿ. ಚಂದ್ರಯಾನ-1 ಹೊತ್ತ ಸಿ11 (2008), ಮಂಗಳಯಾನದ ಸಿ25 (2013), 104 ಉಪಗ್ರಹಗಳ ಸಿ37 (2017) ಮೂರೂ ಎಕ್ಸ್‌ಎಲ್ ಮಾದರಿಯವೇ, ಆದರೂ ಒಂದರ ಫೋಟೊ ನೋಡಿ ಇನ್ನೊಂದಕ್ಕೆ ಬರಹ, ಲಾಂಛನ ಹಚ್ಚುವುದು ಸರಿಯಲ್ಲ. ಬುಡದ ಸುತ್ತ ಎಂಟು ಕೊಳವೆ ಕಂಡರೆ ಗಾಬರಿಯಾಗಬೇಡಿ. ಆರು ಸ್ಟ್ರಾಪ್‌ಆನ್, ಉಳಿದೆರಡು ಮೊದಲ ಹಂತದ ದಿಕ್ಕು ತಿದ್ದಲು ನಾಜಲ್‌ಗೆ ಚಿಮ್ಮಿಸುವ ದ್ರವದ ಟ್ಯಾಂಕುಗಳು. ಮಾರುವ ಆಟಿಕೆಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ಇವೇ. ಸ್ಟ್ರಾಪ್‌ಆನ್ ಇಲ್ಲದ ‘ಕೋರ್ ಅಲೋನ್’ ಮಾದರಿಯಲ್ಲೂ ಇವೆರಡು ಇರುತ್ತವೆ.

ಪ್ರಶ್ನೆ: ಥರ್ಮೊಕೋಲ್ ಕೆತ್ತಿ ಮೂತಿ ಮಾಡಿದೆ. ಸ್ಪ್ರೇ ಪೇಂಟ್ ಹೊಡೆದ ಕೂಡಲೇ ಕರಗಿ ಗುಳಿಬಿತ್ತು. – ಓದುಗರು, ತುಮಕೂರು

ಉತ್ತರ: ಸ್ಪ್ರೇಯಲ್ಲಿರುವ ಥಿನ್ನರ್ ಥರ್ಮೊಕೋಲನ್ನು ಕರಗಿಸುತ್ತದೆ. ಮರಗೆಲಸದವರ ಲೇತ್‌ನಲ್ಲಿ ಮೆದು ಮರದಿಂದ ಕಡೆಸಿ, ಇಲ್ಲವೇ ಪಿಎಲ್‌ಎಯಲ್ಲಿ (ಪ್ರಿಂಟಿಗೆ ಬಳಸುವ ಪ್ಲಾಸ್ಟಿಕ್) 3ಡಿ ಪ್ರಿಂಟ್ ಮಾಡಿಸಿ. ಪೈಪಿನೊಳಗೆ ಕೂರುವ ಕತ್ತನ್ನು ಪೈಪಿನ ಒಳವ್ಯಾಸಕ್ಕಿಂತ 0.3 ಮಿ.ಮೀ. ಕಡಿಮೆ ಇಡಿ. ಪಿವಿಸಿ ಸಾಲ್ವೆಂಟ್ ಪಿಎಲ್‌ಎಗೆ ಹಿಡಿಯದು, ಅರಾಲ್ಡೈಟ್ ಬಳಸಿ. ಪ್ರಿಂಟಿನ ಗೆರೆ ಹೋಗಲು ಪ್ರೈಮರ್, 220 ನಂಬರ್ ಉಜ್ಜುಕಾಗದ, ಮತ್ತೆ ಪ್ರೈಮರ್, 400, ಕೊನೆಗೆ 800. ನುಣುಪಾದ ಪಿವಿಸಿಯನ್ನೂ 320ರಲ್ಲಿ ಉಜ್ಜದೆ ಬಣ್ಣ ಹಚ್ಚಿದರೆ ಉಗುರಿಗೇ ಸುಲಿದು ಬರುತ್ತದೆ.

ಪ್ರಶ್ನೆ: ಇದನ್ನೇ ಹಾರಿಸಬಹುದೇ? – ಪಿಯು ವಿದ್ಯಾರ್ಥಿ, ದಾವಣಗೆರೆ

ಉತ್ತರ: ಪಿವಿಸಿಯದ್ದು ಬೇಡ, ಭಾರ, ಒಡೆದರೆ ಚೂಪು ಚೂರು. ಹಾರುವುದಕ್ಕೆ ಕಾಗದದ ಕೊಳವೆ, ಬಾಲ್ಸಾ ಮರವೇ ಆಗಬೇಕು. ಪಿಎಸ್‌ಎಲ್‌ವಿಗೆ ರೆಕ್ಕೆಗಳಿಲ್ಲ, ನಾಜಲ್ ಕಡೆಯಿಂದ ದಿಕ್ಕು ತಿದ್ದಿಕೊಳ್ಳುತ್ತದೆ. ಮಾದರಿಗೆ ಆ ಸೌಕರ್ಯವಿಲ್ಲದ್ದರಿಂದ ಬುಡದಲ್ಲಿ ಪಾರದರ್ಶಕ ಪ್ಲಾಸ್ಟಿಕ್ ರೆಕ್ಕೆ, ಮೂತಿಯಲ್ಲಿ ಭಾರ ಹಾಕಿ, ತೂಕದ ಕೇಂದ್ರವು ಗಾಳಿ ಒತ್ತಡದ ಕೇಂದ್ರಕ್ಕಿಂತ ಕನಿಷ್ಠ ಒಂದು ವ್ಯಾಸದಷ್ಟು ಮುಂದಿರುವಂತೆ ಮಾಡಬೇಕು. ಮೋಟಾರ್ (ಮದ್ದು ತುಂಬಿದ ರಾಕೆಟ್ ಎಂಜಿನ್) ಮಾತ್ರ ಮನೆಯಲ್ಲಿ ತುಂಬುವ ಸಾಹಸ ಖಂಡಿತ ಬೇಡ. ಕೈ ಸುಡುವುದು ಒಂದಾದರೆ, ಪರವಾನಗಿಯಿಲ್ಲದೆ ಸ್ಫೋಟಕ ತಯಾರಿಸುವುದು 1884ರ ಸ್ಫೋಟಕ ಕಾಯ್ದೆಯಡಿ ಅಪರಾಧ.