ಆಟೋಚಾರ್ಜ್ ಆನ್ ಮಾಡುವ ಮುಂಚೆ ಚಾರ್ಜರ್‌ನ ಟೈಮ್ ನೋಡಿ

ಸಂಕೇಶ್ವರದ ಅಣ್ಣಾ, ನಿಮ್ಮ ಪೋಸ್ಟ್ ಓದಿದೆ. ಹೈವೇ ಹೋಟೆಲ್ ಮುಂದೆ ಎಲೆಕ್ಟ್ರಿಕ್ ಗಾಡಿಗಳಿಗೆ 60 ಕಿಲೋವ್ಯಾಟ್ ಡ್ಯುಯಲ್ ಗನ್ ಚಾರ್ಜರ್ ಕೂರಿಸಿದ್ದೀರಿ. ದಸರಾಕ್ಕೆ ಓಪನಿಂಗ್. ಗನ್ ಹಾಕಿದ ಕೂಡಲೇ ಗಾಡಿಯ ಗುರುತು ಸಿಕ್ಕು ರೊಕ್ಕ ತಾನೇ ಕಟ್ ಆಗಬೇಕು (ಇದೇ ಆಟೋಚಾರ್ಜ್), ಸ್ಕ್ಯಾನ್ ಮಾಡಿ ಕಟ್ಟುವ ಕ್ಯೂಆರ್ ತೆಗೆದೇ ಬಿಡುತ್ತೇನೆ ಎಂದಿದ್ದೀರಿ. ನೆಟ್‌ವರ್ಕ್ ಹೋದರೂ ಗಿರಾಕಿ ವಾಪಸ್ ಹೋಗಬಾರದು ಅಂತ ವೆಂಡರ್ 'ಅಲೋ ಆಫ್‌ಲೈನ್ ಟಿಎಕ್ಸ್ ಫಾರ್ ಅನ್‌ನೋನ್ ಐಡಿ' (ನೆಟ್ ಇಲ್ಲದಾಗ ಗುರುತಿಲ್ಲದವರಿಗೂ ಚಾರ್ಜಿಂಗ್ ಬಿಡುವ ಸೆಟ್ಟಿಂಗ್) ಟ್ರೂ ಮಾಡಿ ಕೊಟ್ಟಿದ್ದಾರೆ. ಆ ಸ್ಕ್ರೀನ್‌ಶಾಟ್ ನೋಡಿಯೇ ಇಷ್ಟುದ್ದ ಬರೆಯಲು ಕೂತಿದ್ದೇನೆ. ದಯವಿಟ್ಟು ಅದನ್ನು ಇವತ್ತೇ ಫಾಲ್ಸ್ ಮಾಡಿ.

ನಿಡಗುಂದಿ ಹತ್ತಿರ ನಮ್ಮ ಚಾರ್ಜರ್‌ನಲ್ಲೂ ಮೊದಲು ಇದೇ ಸೆಟ್ಟಿಂಗ್ ಇತ್ತು. ಸಂಜೆ ಮಳೆ ಬಂತೆಂದರೆ ಸಿಗ್ನಲ್ ಹೋಗುತ್ತಿತ್ತು. ಗೊತ್ತಿಲ್ಲದ ಗಾಡಿ ಬಂದರೂ ಚಾರ್ಜಿಂಗ್ ಶುರು. ಮೆಸೇಜ್ ಮಾತ್ರ ಚಾರ್ಜರ್ ಒಳಗೇ ಕ್ಯೂನಲ್ಲಿ ಕೂತಿರುತ್ತಿತ್ತು. ನೆಟ್ ಬಂದ ಮೇಲೆ ಬಿಲ್ಲಿಂಗ್ ನೋಡುವ ಸರ್ವರ್ 'ಇನ್‌ವ್ಯಾಲಿಡ್' ಅನ್ನುತ್ತಿತ್ತು. ಅಷ್ಟರಲ್ಲಿ ಗಾಡಿ ಹೊಸಪೇಟೆ ದಾರಿ ಹಿಡಿದಿರುತ್ತಿತ್ತು. ಕರೆಂಟ್ ಬಿಲ್ ನಮಗೆ, ರೊಕ್ಕ ಯಾರನ್ನು ಕೇಳುವುದು? ಗುರುತು ತಪ್ಪಿದ್ದರೆ ಚಾರ್ಜಿಂಗ್ ನಿಲ್ಲಿಸುವ 'ಸ್ಟಾಪ್ ಟ್ರಾನ್ಸಾಕ್ಷನ್ ಆನ್ ಇನ್‌ವ್ಯಾಲಿಡ್ ಐಡಿ' ಇದೆಯಲ್ಲ ಅಂತ ವೆಂಡರ್ ಹೇಳುತ್ತಾರೆ. ಅದು ಕೆಲಸ ಮಾಡುವುದು ನೆಟ್ ವಾಪಸ್ ಬಂದ ಮೇಲೆ, ಅದೂ ಗಾಡಿ ಇನ್ನೂ ನಿಂತಿದ್ದರೆ ಮಾತ್ರ.

ಅದರ ಬದಲು ಲೋಕಲ್ ಆಥ್ ಲಿಸ್ಟ್ ಬಳಸಿ, ಅಂದರೆ ಚಾರ್ಜರ್ ಒಳಗೇ ಇರುವ ಒಪ್ಪಿಗೆಯ ಪಟ್ಟಿ. 'ಲೋಕಲ್ ಆಥರೈಜ್ ಆಫ್‌ಲೈನ್' ಟ್ರೂ ಇರಲಿ. ವಾಲೆಟ್‌ನಲ್ಲಿ ಬ್ಯಾಲೆನ್ಸ್ ಇರುವ ಗುರುತಿನ ಗಿರಾಕಿಗಳನ್ನಷ್ಟೇ ಸರ್ವರ್‌ನಿಂದ ಆ ಲಿಸ್ಟ್‌ಗೆ ತಳ್ಳಿ. ನೆಟ್ ಇಲ್ಲದಾಗ ಅವರಿಗೆ ಮಾತ್ರ ಗನ್ ಓಪನ್. ಉಳಿದವರಿಗೆ ಚಹಾ ಕುಡಿಸಿ ಕಾಯಿಸಿ, ಹೋಟೆಲ್ ನಿಮ್ಮದೇ ಇದೆಯಲ್ಲ.

ಈಗ ಟೈಮ್ ವಿಷಯ. ಗುಂಪಿನಲ್ಲಿ ಎಷ್ಟು ಸಲ ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ನಮ್ಮ ಕಡೆ ಕರೆಂಟ್ ಹೋಗುವುದು ದೊಡ್ಡ ಸುದ್ದಿಯಲ್ಲ. ಕರೆಂಟ್ ಹೋಗಿ ಬಂದಾಗ ಕಂಟ್ರೋಲರ್ ರೀಬೂಟ್ ಆಗುತ್ತದೆ. ಬೋರ್ಡ್ ಮೇಲಿನ ಆರ್‌ಟಿಸಿ (ಗಡಿಯಾರದ ಚಿಪ್) ಸೆಲ್ ಸತ್ತಿದ್ದರೆ ಚಾರ್ಜರ್‌ಗೆ ಇವತ್ತು 1970ರ ಜನವರಿ 1. ಹಳೆಯ ಸೆಟಪ್‌ನಲ್ಲಿ, ಅಂದರೆ ಟಿಎಲ್‌ಎಸ್ (ಸುರಕ್ಷಿತ ಕನೆಕ್ಷನ್) ಇಲ್ಲದ ಓಸಿಪಿಪಿ 1.6ರಲ್ಲಿ (ಓಸಿಪಿಪಿ ಅಂದರೆ ಚಾರ್ಜರ್ ಮತ್ತು ಸರ್ವರ್ ಮಾತಾಡುವ ಭಾಷೆ), ಇದರಿಂದ ಜಾಸ್ತಿ ತೊಂದರೆ ಇರಲಿಲ್ಲ. ಆನ್ ಆದಾಗ ಚಾರ್ಜರ್ ಕಳಿಸುವ ಬೂಟ್ ನೋಟಿಫಿಕೇಶನ್‌ಗೆ ಉತ್ತರ ಕೊಡುವಾಗಲೇ ಸರ್ವರ್ ಸರಿಯಾದ ಟೈಮ್ ಕಳಿಸುತ್ತದೆ, ಚಾರ್ಜರ್ ತಿದ್ದಿಕೊಳ್ಳುತ್ತದೆ. ಆದರೆ ರೊಕ್ಕ ತಾನೇ ಕಟ್ ಆಗಬೇಕಾದರೆ ಟಿಎಲ್‌ಎಸ್ ಇರುವ ಸೆಕ್ಯುರಿಟಿ ಪ್ರೊಫೈಲ್ 2 ಅಥವಾ 3 ಹಾಕಲೇಬೇಕು. ಅಲ್ಲಿ ಸರ್ವರ್‌ನ ಸರ್ಟಿಫಿಕೇಟ್ ನೋಡದೆ ಚಾರ್ಜರ್ ಮಾತೇ ಆಡುವುದಿಲ್ಲ. 1970ರಲ್ಲಿ ಕೂತಿರುವ ಚಾರ್ಜರ್‌ಗೆ ಆ ಸರ್ಟಿಫಿಕೇಟ್ ಇನ್ನೂ ಚಾಲ್ತಿಗೇ ಬಂದಿಲ್ಲ, ಹಾಗಾಗಿ ಕನೆಕ್ಷನ್ ಬೇಡ ಅನ್ನುತ್ತದೆ. ಕನೆಕ್ಷನ್ ಇಲ್ಲದೆ ಸರ್ವರ್‌ನಿಂದ ಟೈಮ್ ಬರುವುದಿಲ್ಲ. ಟೈಮ್ ಇಲ್ಲದೆ ಕನೆಕ್ಷನ್ ಆಗುವುದಿಲ್ಲ. ಸಿಗ್ನಲ್ ಫುಲ್ ಇದ್ದರೂ ಚಾರ್ಜರ್ ಆಫ್‌ಲೈನ್. ನೀವು ಸಿಮ್ ಬದಲಿಸುತ್ತಾ ಕೂರುತ್ತೀರಿ. ನಾವು ಆಂಟೆನಾ ಕೂಡ ಬದಲಿಸಿದ್ದೆವು.

ಇದರ ಪರಿಹಾರಕ್ಕೆ ಖರ್ಚು ಹೆಚ್ಚಿಲ್ಲ. ಚಾರ್ಜರ್‌ಗೆ ಟೈಮ್ ರೂಟರ್‌ನಿಂದ ಕೊಡಿ. ನೆಟ್‌ವರ್ಕ್ ಮೂಲಕ ಟೈಮ್ ಕೊಡುವ ಎನ್‌ಟಿಪಿಗೆ ಸರ್ಟಿಫಿಕೇಟ್ ಬೇಕಿಲ್ಲ, ಆದ್ದರಿಂದ ಆ ಗಂಟು ಬಿಚ್ಚಿಕೊಳ್ಳುತ್ತದೆ. ರೂಟರ್ ಒಳಗೆ ಎನ್‌ಟಿಪಿ ಸರ್ವರ್ ಆನ್ ಮಾಡಿ, ಚಾರ್ಜರ್‌ನಲ್ಲಿ ಅದರ ವಿಳಾಸ ಕೊಡಿ. ರೂಟರ್ ಮತ್ತು ಕಂಟ್ರೋಲರ್ ಎರಡಕ್ಕೂ ಸಣ್ಣ ಡಿಸಿ ಯುಪಿಎಸ್ ಇಡಿ, ಪವರ್ ಮಾಡ್ಯೂಲ್‌ಗೆ ಬೇಡ. ಆರ್‌ಟಿಸಿ ಸೆಲ್ ಯಾವುದೆಂದು ಕೇಳಿ, ಎರಡು ಬಿಡಿ ಸೆಲ್ ಡ್ರಾನಲ್ಲಿ ಇಟ್ಟುಕೊಳ್ಳಿ. ವಿಜಯಪುರದ ಬೇಸಿಗೆಯಲ್ಲಿ ಕ್ಯಾಬಿನೆಟ್ ಒಳಗಿನ ಬಿಸಿಗೆ ಈ ಸೆಲ್‌ಗಳು ಬೇಗ ಹೋಗುತ್ತವೆ. ಚಾರ್ಜರ್ ಜತೆ ಬರುವ ಪುಟ್ಟ ಮೋಡೆಮ್ ನಂಬಬೇಡಿ. ನಾನು ಟೆಲ್ಟೋನಿಕಾದ ಎರಡು ಸಿಮ್ ರೂಟರ್ ಹಾಕಿದ್ದೇನೆ, ಬೇರೆ ಯಾವುದಕ್ಕೂ ಹೋಗುವ ಮನಸ್ಸಿಲ್ಲ. ಸಿಮ್ ಎರಡೂ ಬೇರೆ ಬೇರೆ ಕಂಪನಿಯದ್ದಿರಲಿ. ಒಂದೇ ಕಂಪನಿಯ ಎರಡು ಸಿಮ್ ಹಾಕಿ 'ಬ್ಯಾಕಪ್ ಇದೆ' ಅನ್ನುವವರನ್ನು ಕಂಡರೆ ಸಿಟ್ಟು ಬರುತ್ತದೆ, ಟವರ್ ಒಂದೇ ಅಲ್ವಾ?

ಚಾರ್ಜರ್ ಒಪ್ಪಿಕೊಳ್ಳುವ ಮುಂಚೆ ವೆಂಡರ್ ಎದುರಲ್ಲೇ ಒಂದು ಪರೀಕ್ಷೆ ಮಾಡಿ. ಸಿಮ್ ತೆಗೆಯಿರಿ, ಮೇನ್ ಎಂಸಿಬಿ ಇಳಿಸಿ, ಯುಪಿಎಸ್ ಕೂಡ ಬಿಚ್ಚಿ. ರಾತ್ರಿಯಿಡೀ ಹಾಗೇ ಬಿಡಿ. ಬೆಳಿಗ್ಗೆ ಸಿಮ್ ಇಲ್ಲದೆ ಆನ್ ಮಾಡಿ ಸ್ಕ್ರೀನ್ ಮೇಲಿನ ಟೈಮ್ ನೋಡಿ. ತಪ್ಪಿದ್ದರೆ ಕೊನೆಯ ಕಂತು ಕೊಡಬೇಡಿ.

ಟೈಮ್ ತಪ್ಪಿದರೆ ಬಿಲ್ಲಿಂಗ್ ಕೂಡ ಕೆಡುತ್ತದೆ. ನೆಟ್ ಬಂದಾಗ ಚಾರ್ಜರ್ ಹಳೆಯ ಸ್ಟಾರ್ಟ್ ಟ್ರಾನ್ಸಾಕ್ಷನ್ ('ಚಾರ್ಜಿಂಗ್ ಶುರು' ಅನ್ನುವ ಮೆಸೇಜ್) ಮತ್ತೆ ಕಳಿಸುತ್ತದೆ. ಉತ್ತರ ತಲುಪದಿದ್ದರೆ ಇನ್ನೊಮ್ಮೆ ಕಳಿಸುತ್ತದೆ. ಚಾರ್ಜರ್ ನಂಬರ್, ಗನ್ ನಂಬರ್, ಶುರುವಾದ ಟೈಮ್, ಮೀಟರ್ ಸ್ಟಾರ್ಟ್ (ಶುರುವಿನ ರೀಡಿಂಗ್) ನಾಲ್ಕನ್ನೂ ಸೇರಿಸಿ ನೋಡಿ 'ಇದು ಆಗಲೇ ಬಂದಿದೆ' ಅಂತ ಸರ್ವರ್ ತಿಳಿಯಬೇಕು. ಇಲ್ಲದಿದ್ದರೆ ಒಂದೇ ಚಾರ್ಜಿಂಗ್‌ಗೆ ಎರಡು ಬಿಲ್. ಕ್ಯೂಆರ್‌ನಲ್ಲಿ ಗಿರಾಕಿ ತಾನೇ ನೋಡಿ ಕಟ್ಟುತ್ತಾನೆ, ತಪ್ಪಿದ್ದರೆ ಅಲ್ಲೇ ಕೇಳುತ್ತಾನೆ. ತಾನೇ ಕಟ್ ಆಗುವಾಗ ಅವನು ನಿಪ್ಪಾಣಿ ದಾಟಿ ಮೊಬೈಲ್ ನೋಡುತ್ತಾನೆ. ಆಮೇಲೆ ನಿಮ್ಮ ಹೆಸರು ಎಲ್ಲ ಗುಂಪಿನಲ್ಲೂ.

ಇನ್ನು ಆ ಗುರುತಿನ ಮಾತು. ನಿಮ್ಮ ವೆಂಡರ್ 'ಪ್ಲಗ್ ಅಂಡ್ ಚಾರ್ಜ್' ಎಂದದ್ದು ನಿಜಕ್ಕೂ ಪ್ಲಗ್ ಅಂಡ್ ಚಾರ್ಜ್ ಅಲ್ಲ. ಅದು ಆಟೋಚಾರ್ಜ್. ಸಿಸಿಎಸ್ 2 (ಕಾರುಗಳ ಡಿಸಿ ಫಾಸ್ಟ್ ಚಾರ್ಜಿಂಗ್) ಗನ್ ಹಾಕಿದಾಗ ಗಾಡಿ ತನ್ನ ಮ್ಯಾಕ್ ಅಡ್ರೆಸ್ (ಅದರ ನೆಟ್‌ವರ್ಕ್ ಚಿಪ್‌ನ ನಂಬರ್) ಹೇಳುತ್ತದೆ, ಅದನ್ನೇ ಐಡಿ ಟ್ಯಾಗ್ ಮಾಡಿ ಸರ್ವರ್‌ಗೆ ಕಳಿಸುತ್ತಾರೆ. ಅದಕ್ಕೆ ಸಹಿ ಇಲ್ಲ, ಕೀಲಿ ಇಲ್ಲ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಕೇಳದೆ ಹೆಸರು ಹೇಳಿದವರಿಗೆಲ್ಲ ಅಕ್ಕಿ ತೂಗಿದ ಹಾಗೆ. ಇಷ್ಟಿದ್ದೂ ನೆದರ್‌ಲ್ಯಾಂಡ್ಸ್‌ನ ಫಾಸ್ಟ್‌ನೆಡ್ ಕಂಪನಿ ಇದನ್ನೇ ನಡೆಸುತ್ತಿದೆ, ಆದ್ದರಿಂದ ಕೆಲಸಕ್ಕೆ ಬಾರದ್ದು ಅನ್ನಲಾರೆ. ಮಿತಿ ಹಾಕಿ ಬಳಸಿ. ಮೊದಲ ಸಲ ಗಿರಾಕಿ ಆ್ಯಪ್‌ನಿಂದಲೇ ಶುರು ಮಾಡಲಿ, ಆಗ ಬಂದ ಐಡಿಯನ್ನು ಓಟಿಪಿ ಕೇಳಿ ಅವನ ಖಾತೆಗೆ ಕಟ್ಟಿ. ಪ್ರತಿ ಸಲ ಶುರುವಾದ ಕೂಡಲೇ ಅವನಿಗೆ ಮೆಸೇಜ್ ಹೋಗಲಿ. ಒಂದು ಚಾರ್ಜಿಂಗ್‌ಗೆ ಇಷ್ಟೇ ಮೊತ್ತ ಅಂತ ತಡೆ ಇರಲಿ. ಎಲ್ಲ ಗಾಡಿಗಳ ಐಡಿಯೂ ಬೇರೆ ಬೇರೆ ಅಂತ, ಯಾವಾಗಲೂ ಒಂದೇ ಇರುತ್ತದೆ ಅಂತ ನಂಬಬೇಡಿ. ಸೆಕೆಂಡ್ ಹ್ಯಾಂಡ್ ಮಾರಾಟ ಮರೆಯಬೇಡಿ. ಗಾಡಿ ಮಾರಿದ ಮೇಲೂ ಹಳೆಯ ಮಾಲೀಕನ ವಾಲೆಟ್‌ನಿಂದ ಕಟ್ ಆಗುತ್ತಿದ್ದರೆ ಜಗಳ ನಿಮ್ಮ ಬಾಗಿಲಿಗೇ ಬರುತ್ತದೆ. 'ಈ ಗಾಡಿ ತೆಗೆ' ಅನ್ನುವ ಬಟನ್ ಆ್ಯಪ್‌ನಲ್ಲಿ ಎದ್ದು ಕಾಣಬೇಕು.

ನಿಜವಾದ ಪ್ಲಗ್ ಅಂಡ್ ಚಾರ್ಜ್ ಐಎಸ್‌ಓ 15118 ಎಂಬ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡ್‌ನದ್ದು. ಗಾಡಿಯೊಳಗೆ ಕಾಂಟ್ರಾಕ್ಟ್ ಸರ್ಟಿಫಿಕೇಟ್ ಇರುತ್ತದೆ, ಗಾಡಿ ಸಹಿ ಮಾಡಿ ತೋರಿಸುತ್ತದೆ. '15118 ರೆಡಿ' ಅನ್ನುವ ಸ್ಟಿಕ್ಕರ್ ನೋಡಿ ಖುಷಿಪಡಬೇಡಿ. 2014ರ ಭಾಗ 2 ಮಾತ್ರವೋ, 2022ರ ಭಾಗ 20 ಕೂಡ ಬರುತ್ತದೋ ಕೇಳಿ. ಕೀಲಿ ಇಡಲು ಬೋರ್ಡ್‌ನಲ್ಲಿ ಸೆಕ್ಯೂರ್ ಚಿಪ್ ಇದೆಯಾ ಕೇಳಿ, ಅದನ್ನು ಆಮೇಲೆ ಸಾಫ್ಟ್‌ವೇರ್‌ನಿಂದ ತರಲು ಆಗುವುದಿಲ್ಲ. ಓಸಿಪಿಪಿ 2.0.1 ಇವತ್ತೇ ಓಡುತ್ತದಾ ಕೇಳಿ. 1.6ರಲ್ಲೂ 'ಡೇಟಾ ಟ್ರಾನ್ಸ್‌ಫರ್' ಎಂಬ ಮೆಸೇಜ್ ಮೂಲಕ ಮಾಡುವ ದಾರಿ ಇದೆ, ಆದರೆ ಅದು ತೇಪೆ ಕೆಲಸ. 'ಮುಂದೆ ಅಪ್‌ಡೇಟ್ ಬರುತ್ತೆ' ಅಂದರೆ ತಾರೀಕು ಸಮೇತ ಪಿಓನಲ್ಲಿ (ಖರೀದಿ ಆರ್ಡರ್) ಬರೆಸಿಕೊಳ್ಳಿ. ಎಲ್ಲ ಇದ್ದರೂ ಗಾಡಿ, ಚಾರ್ಜರ್, ಸರ್ಟಿಫಿಕೇಟ್ ಕೊಡುವವರು ಒಂದೇ ರೂಟ್ (ಮೂಲ) ಸರ್ಟಿಫಿಕೇಟ್ ನಂಬಿದರಷ್ಟೇ ನಡೆಯುತ್ತದೆ. ಟೆಸ್ಲಾಗೆ ಇದು ಸುಲಭವಾಯಿತು, ಯಾಕೆಂದರೆ ಗಾಡಿಯೂ ಅವರದೇ, ಚಾರ್ಜರ್ ಕೂಡ ಅವರದೇ.

ಡ್ಯುಯಲ್ ಗನ್ ಅಂದಿರಿ, ಅದಕ್ಕೊಂದು ಎಚ್ಚರಿಕೆ. ಗಾಡಿ ಮತ್ತು ಚಾರ್ಜರ್ ಒಂದನ್ನೊಂದು ಹುಡುಕುವ ಎಸ್‌ಎಲ್‌ಎಸಿ ಹಂತದಲ್ಲಿ ಪಕ್ಕದ ಗನ್‌ನ ಸಿಗ್ನಲ್ ಸೋರಿ ಗೊಂದಲ ಆಗಬಹುದು. ಎರಡು ಗಾಡಿ ನಿಲ್ಲಿಸಿ ಒಂದೇ ಹೊತ್ತಿಗೆ ಗನ್ ಹಾಕಿ, ಯಾವ ಐಡಿ ಯಾವ ಗನ್‌ಗೆ ಬಂತು ಅಂತ ಲಾಗ್‌ನಲ್ಲಿ ನೋಡಿ. ಗನ್ ಅದಲುಬದಲು ಮಾಡಿ ಮತ್ತೊಮ್ಮೆ. ಬಿಲ್ ಪಕ್ಕದವನಿಗೆ ಹೋಗಬಾರದು ನೋಡಿ. ಪರೀಕ್ಷೆಗೆ ಸ್ಟೀವ್ ಎಂಬ ಓಸಿಪಿಪಿ ಸರ್ವರ್ ಸಾಫ್ಟ್‌ವೇರ್ ಸುಮ್ನೆ ಒಂದು ಲ್ಯಾಪ್‌ಟಾಪ್‌ನಲ್ಲಿ ಹಾಕಿಕೊಳ್ಳಿ, ಉಚಿತ, 1.6ಕ್ಕೆ ಸಾಕು. ವೆಂಡರ್ ಡ್ಯಾಶ್‌ಬೋರ್ಡ್‌ನಲ್ಲಿ ಕಾಣದ್ದು ಅದರಲ್ಲಿ ಕಾಣುತ್ತದೆ.

ರೊಕ್ಕದ ಕಡೆ ಬನ್ನಿ. ಯುಪಿಐ ಆಟೋಪೇ ಹಾಕಿದರೆ ಮುಗಿಯಿತು ಎಂದಿದ್ದೀರಿ. ಮುಗಿಯುವುದಿಲ್ಲ. ಆರ್‌ಬಿಐ ಇ-ಮ್ಯಾಂಡೇಟ್ (ತಾನೇ ಕಟ್ ಆಗಲು ಕೊಡುವ ಒಪ್ಪಿಗೆ) ನಿಯಮದಲ್ಲಿ 15,000 ರೂಪಾಯಿವರೆಗೆ ಓಟಿಪಿ ಬೇಡ, ನಿಜ. ಆದರೆ ಕಟ್ ಮಾಡುವ 24 ಗಂಟೆ ಮೊದಲು ಗಿರಾಕಿಗೆ ತಿಳಿಸಬೇಕು. 2024ರ ಆಗಸ್ಟ್‌ನಲ್ಲಿ ಫಾಸ್ಟ್ಯಾಗ್ ಮತ್ತು ಎನ್‌ಸಿಎಂಸಿ (ಮೆಟ್ರೋ, ಬಸ್ಸಿಗೆ ಬಳಸುವ) ಕಾರ್ಡ್ ತುಂಬಿಸುವುದಕ್ಕೆ ಆ ಸೂಚನೆಯಿಂದ ವಿನಾಯಿತಿ ಕೊಟ್ಟರು, ಚಾರ್ಜರ್ ವಾಲೆಟ್‌ಗಲ್ಲ. ಗನ್ ತೆಗೆದ ಕೂಡಲೇ ಕಟ್ ಆಗಬೇಕಾದರೆ ಮುಂಗಡ ತುಂಬಿದ ವಾಲೆಟ್ ಒಂದೇ ಸರಳ ದಾರಿ. ನಿಮ್ಮ ಚಾರ್ಜರ್‌ನಲ್ಲಷ್ಟೇ ಬಳಸುವ ವಾಲೆಟ್‌ಗೆ ಆರ್‌ಬಿಐ ಅನುಮತಿ ಬೇಕಿಲ್ಲ. ಬೇರೆಯವರ ಚಾರ್ಜರ್‌ಗೂ ನಡೆಯಲಿ ಅಂತ ಹೊರಟರೆ ಲೆಕ್ಕ ಬೇರೆ, ಸಿಎ ಅವರನ್ನು ಕೇಳಿ.

ಜಿಎಸ್‌ಟಿ 18 ಪರ್ಸೆಂಟ್. ಚಾರ್ಜರ್ ಖರೀದಿಗೆ 5, ಚಾರ್ಜಿಂಗ್‌ಗೂ 5 ಅಂದುಕೊಂಡು ರೇಟ್ ಬೋರ್ಡ್ ಬರೆಸಬೇಡಿ. ಚಾರ್ಜಿಂಗ್ ಸೇವೆ, ಅದಕ್ಕೆ 18 ಅಂತ ನಮ್ಮ ರಾಜ್ಯದ ಅಡ್ವಾನ್ಸ್ ರೂಲಿಂಗ್ ಪ್ರಾಧಿಕಾರ 2023ರಲ್ಲೇ ಹೇಳಿದೆ. ಅಲ್ಲಿ ಕೇಳಿದ್ದು ಮೈಸೂರಿನ ವಿದ್ಯುತ್ ನಿಗಮವೇ. ಇನ್ನೊಂದು, ಹೆಸ್ಕಾಂ ಮೀಟರ್ ಓಡುವುದು ಎಸಿ ಕಡೆ, ನೀವು ಗಿರಾಕಿಗೆ ಬಿಲ್ ಮಾಡುವುದು ಡಿಸಿ ಕಡೆ. ನಡುವೆ ಹೋಗುವ ಯೂನಿಟ್ ನಿಮ್ಮದು, ರೇಟ್ ಇಡುವಾಗ ಅದನ್ನೂ ಸೇರಿಸಿ.

ಕ್ಯೂಆರ್ ಮಾತ್ರ ತೆಗೆಯಬೇಡಿ ಅಣ್ಣಾ. ಎಸಿ ಟೈಪ್ 2 ಗನ್‌ನಲ್ಲಿ ಸಾಮಾನ್ಯವಾಗಿ ಪೈಲಟ್ ಸಿಗ್ನಲ್ ಅಷ್ಟೇ ಇರುತ್ತದೆ, ಗಾಡಿ ಯಾವುದೆಂದು ತಿಳಿಯುವುದಿಲ್ಲ. ಭಾರತ್ ಡಿಸಿ 001 ಎಂಬ ಹಳೆಯ ಚಾರ್ಜಿಂಗ್ ಸ್ಟ್ಯಾಂಡರ್ಡ್‌ನ ಗಾಡಿಗಳಿಗೂ ಈ ಮ್ಯಾಕ್ ಅಡ್ರೆಸ್ ದಾರಿ ಆಗುವುದಿಲ್ಲ. ಇ-ಆಟೋದವರು 15 ಆಂಪಿಯರ್ ಸಾಕೆಟ್ ಕೇಳಿಕೊಂಡು ಬರುತ್ತಾರೆ, ಅವರಿಗೂ ಕ್ಯೂಆರೇ ಗತಿ. ಕಾಗದದ ಸ್ಟಿಕ್ಕರ್ ನಮ್ಮ ಬಿಸಿಲಿಗೆ ಬೆಳ್ಳಗಾಗುತ್ತದೆ, ಲೋಹದ ಪ್ಲೇಟ್ ಮೇಲೆ ಕೆತ್ತಿಸಿ. ಅದರ ಮೇಲೆ ಯಾರಾದರೂ ಬೇರೆ ಕ್ಯೂಆರ್ ಅಂಟಿಸಿದ್ದಾರಾ ಅಂತ ದಿನಾ ಅಂಗಡಿ ತೆಗೆಯುವಾಗ ಹುಡುಗರು ಸ್ಕ್ಯಾನ್ ಮಾಡಿ ನೋಡಲಿ. ಕಬ್ಬಿನ ಸೀಸನ್ ಶುರುವಾದರೆ ಟ್ರ್ಯಾಕ್ಟರ್ ಟ್ರೇಲರ್‌ಗಳು ಹೋಟೆಲ್ ಮುಂದೆಯೇ ನಿಲ್ಲುತ್ತವೆ. ಚಾರ್ಜಿಂಗ್ ಜಾಗಕ್ಕೆ ಈಗಲೇ ಕಬ್ಬಿಣದ ಕಂಬ ನೆಡಿಸಿ. ಕಾನ್ಫಿಗರೇಶನ್ ಪೂರ್ತಿ ಲಿಸ್ಟ್ ಮತ್ತು ಫರ್ಮ್‌ವೇರ್ ವರ್ಷನ್ ಇಲ್ಲೇ ಹಾಕಿ, ಸರ್ವರ್ ಪಾಸ್‌ವರ್ಡ್ ಅಳಿಸಿ ಹಾಕಿ. ಸಂಜೆ ಕೂತು ಒಂದೊಂದೇ ನೋಡೋಣ.