ಪೂರ್ತಿ ಅಳಿಸುವ ಮೊದಲು ರಿಸೈಕಲ್ ಬಿನ್‌ನಲ್ಲಿರುವ ಫೈಲ್ ತೆರೆದು ನೋಡಬಹುದಾ? ಅದಕ್ಕೆ ಸಾಫ್ಟ್‌ವೇರ್ ಇದೆಯಾ?

ಡಬಲ್ ಕ್ಲಿಕ್ ಮಾಡಿದರೆ ಫೈಲ್ ಬದಲು ಪ್ರಾಪರ್ಟೀಸ್ ಬರುತ್ತದೆ ಅಂತ ಬರೆದಿದ್ದೀರಿ. ಆ ಪುಟ್ಟ ಕಿಟಕಿ ನನಗೆ ಚೆನ್ನಾಗಿ ಗೊತ್ತು. ಅದನ್ನು ನಂಬಿಯೇ ನಮ್ಮಜ್ಜನ ಒಂದು ಲೆಕ್ಕದ ಪುಸ್ತಕ ಕಳೆದೆ.

2018ರ ಬೇಸಿಗೆ. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಅಟ್ಟದಲ್ಲಿ ಅಜ್ಜ ಬರೆದಿಟ್ಟ ಮೂರು ಅಡಿಕೆ ಲೆಕ್ಕದ ಪುಸ್ತಕ ಸಿಕ್ಕವು. ರಾಶಿ, ಬೆಟ್ಟೆ ಅನ್ನೋ ಅಡಿಕೆ ಬಗೆಗಳಿಗೆ ಎಷ್ಟೆಷ್ಟು, ಮರ ಹತ್ತಿ ಗೊನೆ ಇಳಿಸುವ ಯಾವ ಕೊನೆಗಾರನಿಗೆ ಎಷ್ಟು ಕೂಲಿ, ಕೊಳೆ ರೋಗ ಬಂದ ವರ್ಷ ಮೈಲುತುತ್ತಕ್ಕೆ ಎಷ್ಟು ಹೋಯಿತು, ಎಲ್ಲ ಇತ್ತು. ಮಳೆಗಾಲಕ್ಕೆ ಮೊದಲು ಸ್ಕ್ಯಾನ್ ಮಾಡಿಬಿಡೋಣ ಅಂತ ಕೂತೆ. ಮೂರನೇ ಪುಸ್ತಕದ ಹೊಲಿಗೆ ಬಿಗಿ. ಮೊದಲ ಸಲ 84 ಪುಟವೂ ಸೊಟ್ಟ ಬಂದವು, ಅಂಚು ಬೇರೆ ಕತ್ತರಿಸಿ ಹೋಗಿತ್ತು. ಹೊಲಿಗೆ ಬಿಚ್ಚಿ ಎರಡನೇ ಸಲ ಮಾಡಿದೆ. ಸೊಟ್ಟದ್ದು ನ್ಯೂ ಫೋಲ್ಡರ್ 2, ನೆಟ್ಟಗಿದ್ದದ್ದು ನ್ಯೂ ಫೋಲ್ಡರ್ 3. ಹೆಸರಿಡುವಷ್ಟು ತಾಳ್ಮೆ ಇರಲಿಲ್ಲ. ಆಮೇಲೊಂದು ದಿನ ಡೆಸ್ಕ್‌ಟಾಪ್ ಗುಡಿಸುವಾಗ ಎರಡನ್ನೂ ಬಿನ್‌ಗೆ ತಳ್ಳಿದೆ. ಒಳ್ಳೆಯದು ಉಳಿದೆರಡು ಪುಸ್ತಕದ ಜೊತೆ ಡಿ ಡ್ರೈವ್‌ನಲ್ಲಿದೆ ಅಂತ ಗಟ್ಟಿ ನಂಬಿಕೆ.

ಪುಷ್ಯ ಮಳೆ ಹೊಯ್ಯುತ್ತಿದ್ದ ಒಂದು ರಾತ್ರಿ. ಕರೆಂಟಿಲ್ಲ, ಲ್ಯಾಪ್‌ಟಾಪ್ ಬ್ಯಾಟರಿ ಮುಗಿಯುತ್ತಾ ಬಂದಿದೆ, ಸಿ ಡ್ರೈವ್ ತುಂಬಿ ಕೆಂಪಾಗಿದೆ. ಬಿನ್ ಖಾಲಿ ಮಾಡಲು ಹೋದಾಗ ಸಣ್ಣ ಅನುಮಾನ ಬಂತು. ನಿಮ್ಮ ಹಾಗೇ ಡಬಲ್ ಕ್ಲಿಕ್ ಮಾಡಿದೆ. ಫೋಲ್ಡರ್ ಒಳಗೆ ಹೋಗಲು ಬಿಡಲಿಲ್ಲ, ಗಾತ್ರ ತೋರಿಸಿತು: 2.04 ಜಿಬಿ. ಇನ್ನೊಂದನ್ನು ಕ್ಲಿಕ್ ಮಾಡಿದೆ. ಅದೂ 2.04 ಜಿಬಿ. ಓಹೋ, ಎರಡೂ ಒಂದೇ, ಸೊಟ್ಟ ಪುಟಗಳದ್ದೇ ಇನ್ನೊಂದು ಕಾಪಿ ಅಂದುಕೊಂಡೆ. ಎಂಪ್ಟಿ ಒತ್ತಿದೆ.

ಈ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರಾದರೂ ಓದಿ. ನನ್ನ ಸ್ಕ್ಯಾನರ್ ಬಿಎಂಪಿ ಅನ್ನೋ ಬಗೆಯ ಚಿತ್ರದ ಫೈಲ್ ಮಾಡುತ್ತಿತ್ತು. ಬಿಎಂಪಿಯಲ್ಲಿ ಸಾಮಾನ್ಯವಾಗಿ ಒತ್ತಿ ಚಿಕ್ಕದು ಮಾಡುವ ಕೆಲಸ ಇರುವುದಿಲ್ಲ. ಬಣ್ಣದ ಸ್ಕ್ಯಾನ್ ಆದರೆ ಒಂದೊಂದು ಚುಕ್ಕಿಗೂ 3 ಬೈಟ್, ಅಷ್ಟೇ. ಎ4 ಹಾಳೆಯನ್ನು 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕಿಯಂತೆ, ಸ್ಕ್ಯಾನ್ ಮಾಡಿದರೆ 2480 ಚುಕ್ಕಿ ಅಗಲ, 3508 ಚುಕ್ಕಿ ಎತ್ತರ. ಗುಣಿಸಿ ನೋಡಿ, ಪುಟಕ್ಕೆ ಸುಮಾರು 25 ಎಂಬಿ. ಹಾಳೆ ಸೊಟ್ಟ ಇರಲಿ, ನೆಟ್ಟಗಿರಲಿ, ಖಾಲಿಯೇ ಇರಲಿ, ಅದೇ 25 ಎಂಬಿ. ಹಾಗಾಗಿ 84 ಪುಟದ ಯಾವ ಫೋಲ್ಡರ್ ಆದರೂ 2.04 ಜಿಬಿಯೇ. ಒತ್ತಿ ಚಿಕ್ಕದು ಮಾಡುವ ಜೆಪೆಗ್ ಆಗಿದ್ದರೆ ಪುಟದಲ್ಲಿರುವುದಕ್ಕೆ ತಕ್ಕ ಹಾಗೆ ಗಾತ್ರ ಬದಲಾಗುತ್ತಿತ್ತು, ಎರಡು ಅಂಕಿ ಬೇರೆ ಬೇರೆ ಬಂದು ನನಗೆ ಅನುಮಾನ ಹುಟ್ಟುತ್ತಿತ್ತು. ತಮಾಷೆ ಏನೆಂದರೆ, ಜೆಪೆಗ್ ಮಾಡಿದ್ದರೆ ಡ್ರೈವ್ ಕೆಂಪಾಗುತ್ತಲೇ ಇರಲಿಲ್ಲ.

ಗೊತ್ತಾಗಿದ್ದು ಹತ್ತು ದಿನದ ಮೇಲೆ. ಡಿ ಡ್ರೈವ್‌ನಲ್ಲಿ ಎರಡೇ ಪುಸ್ತಕ. ಓಡಿಹೋಗಿ ಅಟ್ಟ ಹತ್ತಿದೆ. ಹೊಲಿಗೆ ಬಿಚ್ಚಿದ್ದ ಹಾಳೆಗಳನ್ನು ನಾನೇ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟಿದ್ದೆ. ಮಲೆನಾಡಿನವರಿಗೆ ಮುಂದಿನದು ಹೇಳಬೇಕಾಗಿಲ್ಲ. ಒಳಗೇ ಬೆವೆತು, ಬೂಸ್ಟು ಹಿಡಿದು, ಹಾಳೆಗೆ ಹಾಳೆ ಅಂಟಿ, ಶಾಯಿ ನೀಲಿ ಮೋಡವಾಗಿತ್ತು.

ಈಗ ನಿಮ್ಮ ಪ್ರಶ್ನೆ. ಪ್ರಿವ್ಯೂ ಸಾಫ್ಟ್‌ವೇರ್ ಹುಡುಕಬೇಡಿ, ಅದರ ಅಗತ್ಯವೇ ಇಲ್ಲ. ಬಿನ್‌ಗೆ ಹೋದ ಫೈಲ್ ಎಲ್ಲೂ ಹೋಗಿರುವುದಿಲ್ಲ. ಅದೇ ಡ್ರೈವ್‌ನ ಒಂದು ಮರೆಯ ಫೋಲ್ಡರಿನಲ್ಲಿ ವಿಂಡೋಸ್ ಅದಕ್ಕೆ ಬೇರೆ ಹೆಸರು ಕೊಟ್ಟು, ಹಳೇ ಹೆಸರು ಮತ್ತು ಜಾಗವನ್ನು ಪಕ್ಕದ ಪುಟ್ಟ ಫೈಲಿನಲ್ಲಿ ಬರೆದಿಟ್ಟಿರುತ್ತದೆ. ಡೆಸ್ಕ್‌ಟಾಪಿನಲ್ಲಿ 'ನೋಡಬೇಕು' ಅಂತ ಒಂದು ಫೋಲ್ಡರ್ ಮಾಡಿ. ಅನುಮಾನ ಇರುವುದನ್ನು ಬಿನ್‌ನಿಂದ ಅದರೊಳಗೆ ಎಳೆದು ಹಾಕಿ, ತೆರೆದು ನೋಡಿ. ಫೈಲ್ ಅದೇ ಡ್ರೈವ್‌ನದ್ದಾದರೆ ಹೆಚ್ಚು ಜಾಗವೂ ಬೇಕಾಗುವುದಿಲ್ಲ. ರಿಸ್ಟೋರ್ ಒತ್ತಿದರೂ ಆಗುತ್ತದೆ, ಆದರೆ ಅದು ಹಳೇ ಜಾಗಕ್ಕೇ ಹೋಗಿ ಉಳಿದವುಗಳ ಜೊತೆ ಬೆರೆತುಬಿಡುತ್ತದೆ, ನನಗೆ ಇಷ್ಟವಿಲ್ಲ. ಬಿನ್ ಅನ್ನು ಡೀಟೇಲ್ಸ್ ವ್ಯೂನಲ್ಲಿಟ್ಟರೆ ಒರಿಜಿನಲ್ ಲೊಕೇಶನ್ ಅನ್ನೋ ಕಾಲಂ ಕಾಣುತ್ತದೆ. ಫೈಲ್ ಎಲ್ಲಿಂದ ಬಂತು ಅಂತ ಅದು ಹೇಳುತ್ತದೆ. ನನ್ನ ಅಣ್ಣನ ಮಗನ ಮ್ಯಾಕ್‌ನಲ್ಲಿ ಟ್ರ್ಯಾಶ್‌ನಲ್ಲಿರುವ ಚಿತ್ರ ಆರಿಸಿ ಸ್ಪೇಸ್ ಬಾರ್ ಒತ್ತಿದರೆ ಸಾಕು, ತೋರಿಸುತ್ತದೆ. ಹೊಟ್ಟೆ ಉರಿಯುತ್ತದೆ.

ಆದರೆ ನನ್ನನ್ನು ಕೇಳಿದರೆ ಬಿನ್‌ನಲ್ಲಿ ನಿಂತು ಪರೀಕ್ಷೆ ಮಾಡುವುದೇ ತಡವಾಯಿತು. ಡಿಲೀಟ್ ಒತ್ತುವ ಮೊದಲು ಫೋಲ್ಡರ್ ತೆರೆದು ಒಂದು ಪುಟ ನೋಡಿ, ಹೆಸರಿಡಿ. ಬಿನ್ ಖಾಲಿ ಮಾಡುವ ಅವಸರವಾದರೂ ಯಾಕೆ? ಹಾಗಂತ ಅದನ್ನು ಕಪಾಟು ಅಂದುಕೊಳ್ಳಲೂ ಬೇಡಿ. ಜಾಗ ತಾನೇ ಖಾಲಿ ಮಾಡುವ ವಿಂಡೋಸ್‌ನ ಸ್ಟೋರೇಜ್ ಸೆನ್ಸ್ ಆನ್ ಇದ್ದರೆ, ನೀವು ಬದಲಾಯಿಸದ ಹೊರತು, 30 ದಿನ ದಾಟಿದ್ದನ್ನು ಅದೇ ಎತ್ತಿ ಬಿಸಾಕುತ್ತದೆ. ಪೆನ್ ಡ್ರೈವ್‌ನಲ್ಲಿ ಅಳಿಸಿದ್ದು ಸಾಮಾನ್ಯವಾಗಿ ಬಿನ್‌ಗೆ ಬರುವುದೇ ಇಲ್ಲ.

ಈಗಾಗಲೇ ಖಾಲಿ ಮಾಡಿದ್ದರೆ ಮೊದಲು ಕಂಪ್ಯೂಟರ್ ಬಳಸುವುದು ನಿಲ್ಲಿಸಿ, ಹೊಸ ಫೈಲ್ ಆ ಜಾಗದಲ್ಲಿ ಕೂತರೆ ಹಳೆಯದು ಸಿಗುವುದಿಲ್ಲ. ಹಳೇ ಹಾರ್ಡ್ ಡಿಸ್ಕ್ ಆದರೆ ಮರಳಿ ಸಿಗುವ ಆಸೆ ಇದೆ. ಎಸ್‌ಎಸ್‌ಡಿ ಆದರೆ ಟ್ರಿಮ್ ಅನ್ನೋ ವ್ಯವಸ್ಥೆ ಅಳಿಸಿದ ಫೈಲಿನ ಜಾಗವನ್ನು ಬೇಗ ಒರೆಸಿಬಿಡುತ್ತದೆ, ಆಸೆ ತೀರಾ ಕಡಿಮೆ. ನನ್ನದು ಹಾರ್ಡ್ ಡಿಸ್ಕೇ. ಆದರೆ ಆ ಹತ್ತು ದಿನ ಮನೆ ಮಕ್ಕಳು ಅದರಲ್ಲಿ ಸಿನಿಮಾ ತುಂಬಿಸಿದ್ದರು. ಫೋಟೋರೆಕ್ ಅನ್ನೋ ಉಚಿತ ಸಾಫ್ಟ್‌ವೇರ್ ಓಡಿಸಿ, ಸಿಕ್ಕಿದ್ದನ್ನು ಬೇರೆ ಡಿಸ್ಕಿಗೆ ಇಳಿಸಿದೆ. ಅದು ಹಳೇ ಹೆಸರು ಉಳಿಸುವುದಿಲ್ಲ, ಎಫ್ ಅಕ್ಷರ ಮತ್ತು ಉದ್ದನೆ ಸಂಖ್ಯೆ ಕೊಡುತ್ತದೆ. ಹನ್ನೊಂದು ಪುಟ ಸಿಕ್ಕವು. ಅದರಲ್ಲಿ ಏಳು ಸೊಟ್ಟದ್ದು. ಒಂದು ಪುಟದಲ್ಲಿ ಒಂದು ವರ್ಷದ ರಾಶಿ ಅಡಿಕೆಯ ಲೆಕ್ಕ ಪೂರ್ತಿ ಇದೆ. ಧಾರಣೆ ಬರೆದ ಬಲಗಡೆಯ ಅಂಚು ಮಾತ್ರ ಇಲ್ಲ.