ಗೋಲ್ಡೆಂಗೋ ನಿಷೇಧದ ಪ್ರಸ್ತಾಪಕ್ಕೆ ನನ್ನ ಉತ್ತರ

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ಭಾನುವಾರಗಳಂದು ನಡೆಯುವ ನಮ್ಮ ಪೋಕೆಮಾನ್ ವಿಡಿಯೋ ಗೇಮ್ ಪಂದ್ಯಗಳಿಂದ ಗೋಲ್ಡೆಂಗೋ ಎಂಬ ಪೋಕೆಮಾನ್ ಅನ್ನು ಹೊರಗಿಡಬೇಕು ಎಂದು ಗುಬ್ಬಿಯ ಸದಸ್ಯರೊಬ್ಬರು ಬರೆದಿದ್ದಾರೆ. ಅವರ ದೂರುಗಳು ಎರಡು. ಬಹುತೇಕ ಎಲ್ಲರ ತಂಡದಲ್ಲೂ ಅದೇ ಇರುತ್ತದೆ ಎಂಬುದು ಒಂದು. ಅದು ಎದುರಾಳಿಯ ತಂಡದಲ್ಲಿದ್ದರೆ ನಮ್ಮ ಕಡೆ ಬಿದ್ದಿರುವ ಕಣಕ್ಕಿಳಿಯುವ ಪೋಕೆಮಾನ್‌ಗೆ ಪೆಟ್ಟು ಕೊಡುವ ಸ್ಟೆಲ್ತ್ ರಾಕ್ ಮತ್ತು ಸ್ಪೈಕ್ಸ್‌ಗಳನ್ನು ತೆಗೆಯಲು ದಾರಿಯೇ ಉಳಿಯುವುದಿಲ್ಲ ಎಂಬುದು ಇನ್ನೊಂದು. ಇದಕ್ಕೆ ತಿಪಟೂರಿನ ಹಿರಿಯ ಸದಸ್ಯರು, ಅಧಿಕೃತ ಪಂದ್ಯಾವಳಿಗಳಲ್ಲೇ ಅದನ್ನು ಆಡಿಸಿದ್ದಾರೆ, ಎದುರಿಸುವುದನ್ನು ಕಲಿಯಬೇಕಷ್ಟೆ ಎಂದು ಉತ್ತರಿಸಿದ್ದಾರೆ. ನಿಷೇಧ ಈಗ ಬೇಡ ಎಂಬುದೇ ನನ್ನ ನಿಲುವು ಕೂಡ. ಆದರೆ ತಿಪಟೂರಿನವರು ಕೊಟ್ಟ ಕಾರಣವನ್ನು ನಾನು ಒಪ್ಪಲಾರೆ, ಮತ್ತು ಗುಬ್ಬಿಯವರ ಎರಡನೆಯ ದೂರನ್ನು ಅಷ್ಟು ಸುಲಭವಾಗಿ ತಳ್ಳಿಹಾಕುವುದೂ ನ್ಯಾಯವಲ್ಲ.

ಅಧಿಕೃತ ಪಂದ್ಯಾವಳಿಗಳ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಅಲ್ಲಿ ನಡೆಯುವುದು ಜೋಡಿ ಆಟ. ಆರು ಪೋಕೆಮಾನ್‌ಗಳನ್ನು ತೋರಿಸಿ, ನಾಲ್ಕನ್ನು ಆರಿಸಿಕೊಂಡು, ಎರಡೆರಡನ್ನು ಒಟ್ಟಿಗೆ ಕಣಕ್ಕಿಳಿಸುತ್ತಾರೆ. ಆಟ ಕೆಲವೇ ಟರ್ನ್‌ಗಳಲ್ಲಿ ಮುಗಿಯುವುದರಿಂದ, ಪೋಕೆಮಾನ್ ಬದಲಿಸಿ ಇಳಿಸಿದಾಗಲೆಲ್ಲ ಸ್ವಲ್ಪ ಸ್ವಲ್ಪ ಎಚ್‌ಪಿ (ಜೀವಶಕ್ತಿ) ಕೀಳುವ ಸ್ಟೆಲ್ತ್ ರಾಕ್‌ಗೆ ಅಲ್ಲಿ ಹೆಚ್ಚಿನ ಬೆಲೆಯಿಲ್ಲ. ಅಲ್ಲಿ ಗೋಲ್ಡೆಂಗೋವನ್ನು ಆರಿಸುವವರು ಅದರ 'ಮೇಕ್ ಇಟ್ ರೇನ್' ದಾಳಿ ಇಬ್ಬರು ಎದುರಾಳಿಗಳಿಗೂ ಒಟ್ಟಿಗೆ ತಗಲುತ್ತದೆ ಎಂಬುದನ್ನು ನೋಡುತ್ತಾರೆ. ನಾವು ಆಡುವುದು ಆರಕ್ಕೆ ಆರರ ಒಂಟಿ ಆಟ, ಅಭಿಮಾನಿಗಳ ಜಾಲತಾಣವಾದ ಸ್ಮೋಗನ್‌ನ ಓಯು ಎಂಬ ಶ್ರೇಣಿಯ ನಿಯಮದಲ್ಲಿ. ಎರಡೂ ಬೇರೆ ಬೇರೆ ಆಟಗಳು. ಒಂದರ ಅನುಮತಿ ಇನ್ನೊಂದಕ್ಕೆ ಪುರಾವೆಯಾಗುವುದಿಲ್ಲ.

ಇನ್ನು, ಎಲ್ಲರ ತಂಡದಲ್ಲೂ ಇದೆ ಎಂಬ ದೂರು. ಸ್ಮೋಗನ್ ನಿಯಮದಲ್ಲಿ ಬಳಕೆಯ ಪ್ರಮಾಣದಿಂದ ತೀರ್ಮಾನವಾಗುವುದು ಒಂದೇ ವಿಷಯ: ಆ ಪೋಕೆಮಾನ್ ಯಾವ ಶ್ರೇಣಿಗೆ ಸೇರಬೇಕು ಎಂಬುದು. ಓಯು ಸೇರಲು ಬೇಕಾದ ಗಡಿ 4.52 ಶೇಕಡ. ಹದಿನೈದು ಪಂದ್ಯ ಆಡಿದರೆ ಒಮ್ಮೆಯಾದರೂ ಎದುರಾಗುವ ಸಾಧ್ಯತೆ ಅರ್ಧದಷ್ಟಿರಬೇಕು ಎಂಬ ಲೆಕ್ಕದಿಂದ ಬಂದ ಸಂಖ್ಯೆ ಅದು. ನಿಷೇಧಕ್ಕೆ ಮಾತ್ರ ಅಂಥ ಗಡಿ ಯಾವುದೂ ಇಲ್ಲ, ಇರಲೂಬಾರದು. ಹೆಚ್ಚು ಜನ ಬಳಸುವ ಪೋಕೆಮಾನ್ ಹಲವು ಬಗೆಯ ತಂಡಗಳಿಗೆ ಹೊಂದಿಕೊಳ್ಳುವಂಥದ್ದೂ ಆಗಿರಬಹುದು.

ಹಾಗಾದರೆ ಒಂದು ಪೋಕೆಮಾನ್ ಆಟವನ್ನು ಕೆಡಿಸುತ್ತಿದೆ ಎಂದು ಯಾವಾಗ ಹೇಳಬೇಕು? ಒಂಬತ್ತನೇ ಪೀಳಿಗೆಯ ಗೇಮ್‌ಗಳ ಆರಂಭವನ್ನು ನೆನಪಿಸಿಕೊಳ್ಳಿ. 2022ರ ನವೆಂಬರ್ 18ರಂದು ಸ್ಕಾರ್ಲೆಟ್ ಮತ್ತು ವಯೊಲೆಟ್ ಬಿಡುಗಡೆಯಾದ ಮೇಲೆ ಓಯುನಿಂದ ಬೇಗನೆ ಹೊರಬಿದ್ದವುಗಳಲ್ಲಿ ಹೌಂಡ್‌ಸ್ಟೋನ್ ಒಂದು. ಅದರ 'ಲಾಸ್ಟ್ ರೆಸ್ಪೆಕ್ಟ್ಸ್' ದಾಳಿಯ ಬಲ 50ರಿಂದ ಶುರುವಾಗಿ, ತಂಡದಲ್ಲಿ ಒಂದೊಂದು ಪೋಕೆಮಾನ್ ಬಿದ್ದಂತೆ ಮತ್ತೆ 50ರಷ್ಟು ಏರುತ್ತದೆ. ಐದೂ ಬಿದ್ದ ಮೇಲೆ ಅದು 300. ಅಂದರೆ ಎದುರಾಳಿ ಚೆನ್ನಾಗಿ ಆಡಿ ಐದನ್ನು ಬೀಳಿಸಿದ್ದೇ ಅವನಿಗೆ ಶಿಕ್ಷೆಯಾಗುತ್ತಿತ್ತು. ಸರಿಯಾದ ಆಟಕ್ಕೆ ಫಲ ಸಿಗದಂತೆ ಮಾಡುವುದೇ ಅಸಮತೋಲನದ ನಿಜವಾದ ಗುರುತು ಎಂದು ನಾನು ತಿಳಿದಿದ್ದೇನೆ. ಮುಂದೆ ಆ ದಾಳಿಯನ್ನೇ ನಿಷೇಧಿಸಿ ಹೌಂಡ್‌ಸ್ಟೋನ್ ಅನ್ನು ಬಿಡುಗಡೆ ಮಾಡಿದರು, ಏಕೆಂದರೆ ದೋಷ ಇದ್ದದ್ದು ದಾಳಿಯಲ್ಲಿ.

ಗಾರ್ಚಾಂಪ್‌ನ ಉದಾಹರಣೆಯನ್ನೂ ಗಮನಿಸಬೇಕು. ಅದರ ಬೇಸ್ ಸ್ಪೀಡ್ (ಮೂಲ ವೇಗದ ಅಂಕ) 102. ನಾಲ್ಕನೇ ಪೀಳಿಗೆಯಲ್ಲಿ 100ರ ವೇಗದ ದೊಡ್ಡ ಗುಂಪೇ ಇದ್ದದ್ದರಿಂದ ಆ ಎರಡು ಅಂಕಗಳೇ ಅದನ್ನು ಅವೆಲ್ಲಕ್ಕಿಂತ ಮುಂದಿಟ್ಟವು, ಮತ್ತು ಅದನ್ನು ಓಯುನಿಂದ ನಿಷೇಧಿತರ ಶ್ರೇಣಿಯಾದ ಊಬರ್ಸ್‌ಗೆ ಕಳಿಸಿದರು. ಇಂದಿಗೂ ಅದರ ಅಂಕಗಳು ಅವೇ, ಒಟ್ಟು 600. ಆದರೆ 2013ರಲ್ಲಿ ಫೇರಿ ಎಂಬ ಹೊಸ ಟೈಪ್ (ಪೋಕೆಮಾನ್ ಮತ್ತು ದಾಳಿಗಳ ವರ್ಗ) ಬಂತು, ಅದಕ್ಕಿಂತ ವೇಗದವು ಬಂದವು, ಈಗ ಅದು ಓಯುನಲ್ಲಿ ಯಾರನ್ನೂ ಬೆಚ್ಚಿಬೀಳಿಸದ ಆಟಗಾರ. ಆದ್ದರಿಂದ ಒಂದು ಪೋಕೆಮಾನ್ ಅತಿಯಾಯಿತೇ ಎಂಬುದನ್ನು ಅದರ ಸುತ್ತ ಏನಿದೆ ಎಂದು ನೋಡಿಯೇ ಹೇಳಬೇಕು.

ಈಗ ಗೋಲ್ಡೆಂಗೋ ವಿಷಯಕ್ಕೆ ಬರುತ್ತೇನೆ. ಅದರ ಸ್ಪೆಷಲ್ ಅಟ್ಯಾಕ್ 133, ವೇಗ ಕೇವಲ 84. 'ಮೇಕ್ ಇಟ್ ರೇನ್'ನ ಬಲ 120, ಗುರಿ ತಪ್ಪುವುದಿಲ್ಲ, ಆದರೆ ಬಳಸಿದಾಗಲೆಲ್ಲ ತನ್ನದೇ ಸ್ಪೆಷಲ್ ಅಟ್ಯಾಕ್ ಒಂದು ಮೆಟ್ಟಿಲು ಇಳಿಯುತ್ತದೆ. ಇಷ್ಟೇ ಆಗಿದ್ದರೆ ಈ ಚರ್ಚೆ ಏಳುತ್ತಿರಲಿಲ್ಲ. ತೊಂದರೆ ಇರುವುದು 'ಗುಡ್ ಆ್ಯಸ್ ಗೋಲ್ಡ್' ಎಂಬ ಎಬಿಲಿಟಿಯಲ್ಲಿ (ಸಹಜ ಗುಣದಲ್ಲಿ). ಬೇರೆಯವರು ಅದರ ಮೇಲೆ ಪ್ರಯೋಗಿಸುವ, ನೇರ ಪೆಟ್ಟು ಕೊಡದ ಸ್ಟೇಟಸ್ ಮೂವ್‌ಗಳು ತಗಲುವುದಿಲ್ಲವಾದ್ದರಿಂದ ಅದು ಎದುರಿಗಿದ್ದಾಗ ನೆಲ ಸ್ವಚ್ಛ ಮಾಡುವ ಡಿಫಾಗ್ ವಿಫಲವಾಗುತ್ತದೆ. ಘೋಸ್ಟ್ ಟೈಪ್ ಆದ್ದರಿಂದ ರ್‍ಯಾಪಿಡ್ ಸ್ಪಿನ್ ತಗಲದು. ಸ್ಟೀಲ್ ಟೈಪ್ ಆದ್ದರಿಂದ ಮಾರ್ಟಲ್ ಸ್ಪಿನ್ ಕೂಡ ತಗಲದು. ಸ್ವಚ್ಛಗೊಳಿಸುವ ಮೂರು ಮುಖ್ಯ ದಾರಿಗಳನ್ನು ಒಂದೇ ಪೋಕೆಮಾನ್ ಮುಚ್ಚುತ್ತದೆ. ಅದೂ ಡಿಫಾಗ್ ಬಲ್ಲವರ ಸಂಖ್ಯೆಯೇ ಕಡಿಮೆಯಾಗಿರುವ ಈ ಪೀಳಿಗೆಯಲ್ಲಿ. ಸ್ಟೆಲ್ತ್ ರಾಕ್ ಬಿದ್ದ ನೆಲಕ್ಕೆ ಚಾರಿಜಾರ್ಡ್ ಕಾಲಿಟ್ಟರೆ ಅರ್ಧ ಎಚ್‌ಪಿ ಹೋಗುತ್ತದೆ. ಮೂರು ಪದರ ಸ್ಪೈಕ್ಸ್ ಇದ್ದರೆ ನೆಲದ ಮೇಲೆ ನಿಲ್ಲುವ ಯಾವುದಕ್ಕಾದರೂ ಕಾಲು ಭಾಗ ಹೋಗುತ್ತದೆ. ಗುಬ್ಬಿಯವರ ಬೇಸರಕ್ಕೆ ಆಧಾರವಿದೆ ಎಂದು ನಾನು ಹೇಳುವುದು ಇದಕ್ಕೇ. ಹೌಂಡ್‌ಸ್ಟೋನ್‌ಗೆ ಮಾಡಿದಂತೆ ದೋಷವನ್ನು ಮಾತ್ರ ಬಿಡಿಸಿ ತೆಗೆಯಲೂ ಇಲ್ಲಿ ಆಗದು, ಏಕೆಂದರೆ ಗೋಲ್ಡೆಂಗೋಗೆ ಬೇರೆ ಎಬಿಲಿಟಿಯೇ ಇಲ್ಲ.

ಆದರೂ ನಿಷೇಧ ಬೇಡ ಎನ್ನುವುದೇಕೆಂದರೆ, ಅದರ ವಿರುದ್ಧ ಸರಿಯಾಗಿ ಆಡಿದವರಿಗೆ ಫಲ ಸಿಗುತ್ತದೆ. ಒಂದು ಟರ್ನ್ ತೆಗೆದುಕೊಳ್ಳೋಣ. ನಿಮ್ಮ ಗ್ರೇಟ್ ಟಸ್ಕ್ ಕಣದಲ್ಲಿದೆ, ನಿಮ್ಮ ಕಡೆ ಸ್ಪೈಕ್ಸ್ ಬಿದ್ದಿವೆ, ನೀವು ರ್‍ಯಾಪಿಡ್ ಸ್ಪಿನ್ ಒತ್ತುತ್ತೀರಿ ಎಂದು ಎದುರಾಳಿ ಊಹಿಸಿ ಗೋಲ್ಡೆಂಗೋವನ್ನು ಒಳತರುತ್ತಾನೆ. ನಮ್ಮ ಪಂದ್ಯಗಳ ರೀಪ್ಲೇಗಳಲ್ಲಿ ಇಲ್ಲಿ ಬಹಳ ಜನ ಸ್ಪಿನ್ ಅನ್ನೇ ಒತ್ತಿ ಟರ್ನ್ ಕಳೆದುಕೊಳ್ಳುತ್ತಾರೆ. ಅದೇ ಟರ್ನ್‌ನಲ್ಲಿ ನಾಕ್ ಆಫ್ ಒತ್ತಿದ್ದರೆ ಎರಡು ಪಟ್ಟು ಪೆಟ್ಟು ಬಿದ್ದು, ಅದು ಹಿಡಿದಿದ್ದ ಐಟಂ ಕೂಡ ಹೋಗುತ್ತಿತ್ತು. ನೆಲದ ದಾಳಿ ತಗಲದಂತೆ ಮಾಡುವ ಏರ್ ಬಲೂನ್ ಹಿಡಿದಿಲ್ಲವೆಂದು ಖಚಿತವಿದ್ದರೆ ಅರ್ಥ್‌ಕ್ವೇಕ್ ಇನ್ನೂ ಒಳ್ಳೆಯದು. ಮರು ಟರ್ನ್‌ನಲ್ಲಿ ಮೊದಲು ಚಲಿಸುವವರೂ ನೀವೇ ಆಗಬಹುದು: 100ನೇ ಲೆವೆಲ್‌ನಲ್ಲಿ ಇಬ್ಬರಿಗೂ ಪೂರ್ತಿ ವೇಗ ಕೊಟ್ಟರೆ ಗ್ರೇಟ್ ಟಸ್ಕ್ 300, ಗೋಲ್ಡೆಂಗೋ 293. ವೇಗ ಹೆಚ್ಚಿಸುವ ಚಾಯ್ಸ್ ಸ್ಕಾರ್ಫ್ ಎಂಬ ಐಟಂ ಇದ್ದರೆ ಈ ಲೆಕ್ಕ ತಿರುಗುತ್ತದೆ, ನಿಜ. ಆಗ ಅದು ಒಂದೇ ಮೂವ್‌ಗೆ ಕಟ್ಟುಬೀಳುತ್ತದೆ, ದಾಳಿಯ ಬಲ ಹೆಚ್ಚಿಸುವ ನಾಸ್ಟಿ ಪ್ಲಾಟ್ ಮತ್ತು ಚೇತರಿಕೆ ಕೊಡುವ ರಿಕವರ್‌ಗಳ ಅನುಕೂಲ ತಪ್ಪುತ್ತದೆ.

ತಂಡ ಕಟ್ಟುವಾಗಲೂ ದಾರಿಗಳಿವೆ. ಸಿಂಡರೇಸ್‌ನ ಕೋರ್ಟ್ ಚೇಂಜ್ (ಎರಡೂ ಕಡೆ ಬಿದ್ದಿರುವುದನ್ನು ಅದಲುಬದಲು ಮಾಡುವ ನಡೆ) ಇಡೀ ಕಣದ ಮೇಲೆ ಕೆಲಸ ಮಾಡುವುದರಿಂದ ಗೋಲ್ಡೆಂಗೋ ಅದನ್ನು ತಡೆಯಲಾರದು. ತಡೆಯಲು ಒಳಬಂದರೆ ಪೈರೋ ಬಾಲ್ ಕಾದಿರುತ್ತದೆ. ಮೌಸ್‌ಹೋಲ್ಡ್‌ನ ಟೈಡಿ ಅಪ್ ಕೂಡ ಹಾಗೆಯೇ ನೆಲ ಸ್ವಚ್ಛ ಮಾಡುತ್ತದೆ. ಟಿಂಗ್-ಲು ಕಣದಲ್ಲಿದ್ದರೆ ಎದುರಿನವರ ಸ್ಪೆಷಲ್ ಅಟ್ಯಾಕ್ ಕಾಲು ಭಾಗ ತಗ್ಗುತ್ತದೆ, ಅದು ಎಬಿಲಿಟಿಯ ಪರಿಣಾಮವಾದ್ದರಿಂದ 'ಗುಡ್ ಆ್ಯಸ್ ಗೋಲ್ಡ್' ಅಡ್ಡಬರುವುದಿಲ್ಲ. ಕಿಂಗ್‌ಗ್ಯಾಂಬಿಟ್ ಘೋಸ್ಟ್ ಮತ್ತು ಸ್ಟೀಲ್ ಎರಡನ್ನೂ ತಾಳಿಕೊಳ್ಳುತ್ತದೆ. ಎದುರಾಳಿ ದಾಳಿ ಮಾಡುವಾಗಷ್ಟೇ ಫಲಿಸುವ ಅದರ ಸಕ್ಕರ್ ಪಂಚ್ ಮಾತ್ರ ಎದುರಾಳಿ ರಿಕವರ್ ಒತ್ತಿದ ಟರ್ನ್‌ನಲ್ಲಿ ವ್ಯರ್ಥವಾಗುತ್ತದೆ ಎಂಬುದು ನೆನಪಿರಲಿ, ಫೋಕಸ್ ಬ್ಲಾಸ್ಟ್ ತಗಲಿದರೆ ನಾಲ್ಕು ಪಟ್ಟು ಪೆಟ್ಟು ಎಂಬುದೂ. ರಾಕ್‌ಗೆ ಹೆದರುವ ಪೋಕೆಮಾನ್‌ಗೆ ಅದು ತಾಗದಂತೆ ಕಾಯುವ ಹೆವಿ-ಡ್ಯೂಟಿ ಬೂಟ್ಸ್ ಕೊಡಿ. ಗೋಲ್ಡೆಂಗೋ ಟೆರಾ ಆಗಿ ವಾಟರ್ ಟೈಪ್‌ಗೆ ಬದಲಾದರೆ ಅದರ ಘೋಸ್ಟ್ ಗುಣ ಹೋಗುತ್ತದೆ, ಆಗ ರ್‍ಯಾಪಿಡ್ ಸ್ಪಿನ್ ತಗಲುತ್ತದೆ. ಈ ಅವಕಾಶವನ್ನು ನಮ್ಮವರು ಮತ್ತೆ ಮತ್ತೆ ಬಿಟ್ಟುಬಿಡುವುದನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ತಂಡದ ಆರು ಜಾಗಗಳಲ್ಲಿ ಮೂರನ್ನು ಇದೊಂದಕ್ಕೇ ಮೀಸಲಿಡಬೇಕಾಗಿ ಬಂದರೆ, ನಾನು ನಿಷೇಧದ ಪರ ಮತ ಹಾಕುತ್ತೇನೆ. ಅದನ್ನು ತಿಳಿಯಲು ಮುಂದಿನ ನಾಲ್ಕು ಭಾನುವಾರಗಳ ಎಲ್ಲ ರೀಪ್ಲೇಗಳನ್ನೂ ಉಳಿಸಿಕೊಳ್ಳೋಣ. ಇಬ್ಬರ ಬಳಿಯೂ ಗೋಲ್ಡೆಂಗೋ ಇದ್ದ ಪಂದ್ಯಗಳನ್ನು ಪಕ್ಕಕ್ಕಿಟ್ಟು, ಒಬ್ಬರ ಬಳಿ ಮಾತ್ರ ಇದ್ದ ಪಂದ್ಯಗಳನ್ನು ನೋಡಬೇಕು. ಸೋತವರ ತಂಡದಲ್ಲಿ ಅದನ್ನು ತಡೆಯುವಂಥದ್ದು ಇತ್ತೇ, ಇದ್ದರೂ ಸೋತರೇ ಎಂಬುದನ್ನು ಬರೆದಿಡಬೇಕು. ಆಮೇಲೂ ಒತ್ತಾಯವಿದ್ದರೆ ಮತಕ್ಕೆ ಹಾಕೋಣ. ನಾಲ್ಕರಲ್ಲಿ ಮೂರು ಭಾನುವಾರವಾದರೂ ಆಡಿದವರಿಗೆ ಮಾತ್ರ ಮತ, ಮತ್ತು ಸ್ಮೋಗನ್ ಪದ್ಧತಿಯಂತೆ ನಿಷೇಧಕ್ಕೆ ಕನಿಷ್ಠ 60 ಶೇಕಡ ಬೆಂಬಲ ಬೇಕು ಎಂಬ ನಿಯಮವನ್ನು ಈಗಲೇ ಒಪ್ಪಿಕೊಂಡರೆ ಆಮೇಲೆ ಮನಸ್ತಾಪಕ್ಕೆ ಎಡೆಯಿರುವುದಿಲ್ಲ. ಪಂದ್ಯಾವಳಿಯ ನಡುವೆ ನಿಯಮ ಬದಲಿಸುವುದು ಮಾತ್ರ ಬೇಡವೇ ಬೇಡ.

ತಂಡ ಕಟ್ಟಲು ಸಮಯ ಸಾಲದವರಿಗಾಗಿ ಗ್ರೇಟ್ ಟಸ್ಕ್, ಸಿಂಡರೇಸ್ ಮತ್ತು ಟಿಂಗ್-ಲು ಇರುವ ಒಂದು ತಂಡವನ್ನು ಇಂದು ಸಂಜೆ ಗುಂಪಿನಲ್ಲಿ ಹಾಕುತ್ತೇನೆ, ಆನ್‌ಲೈನ್ ಪಂದ್ಯಗಳ ತಾಣವಾದ ಶೋಡೌನ್‌ನ ತಂಡ ಕಟ್ಟುವ ಪುಟದಲ್ಲಿ ಹಾಗೆಯೇ ಅಂಟಿಸಿಕೊಳ್ಳಬಹುದು. ಗುಬ್ಬಿಯವರು ಅದನ್ನು ಹಿಡಿದು ಬರುವುದಾದರೆ, ಶನಿವಾರ ರಾತ್ರಿ ಗೋಲ್ಡೆಂಗೋ ಇರುವ ತಂಡದೊಂದಿಗೆ ನಾನೇ ಅವರೆದುರು ಅಭ್ಯಾಸಕ್ಕೆ ಕೂರುತ್ತೇನೆ.